ಕೋಠಿಯಿಂದ ಕಾವೇರಿಗೆ: ಒಂದು ರಜೆ, ಎರಡು ದ್ವೀಪ



ದಸರಾ ರಜೆ ಹತ್ತಿರ ಬಂತೆಂದರೆ ಹೈದರಾಬಾದಿನ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ: ಈ ಸಲ ಎಲ್ಲಿಗೆ? ದುಡ್ಡಿದ್ದವರು ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪವೋ ಮಿಕೊನೋಸ್ ದ್ವೀಪವೋ ಎಂದು ತಲೆ ಕೆಡಿಸಿಕೊಳ್ಳಲಿ. ನಮ್ಮ ನಿಮ್ಮಂಥವರಿಗೂ ಎರಡು ದ್ವೀಪಗಳಿವೆ. ಎರಡೂ ಕಾವೇರಿಯ ಮಡಿಲಲ್ಲೇ ಇವೆ. ಒಂದು ಶ್ರೀರಂಗಪಟ್ಟಣ, ಇನ್ನೊಂದು ಶಿವನಸಮುದ್ರ. ರಾತ್ರಿ ಕಾಚಿಗೂಡದಲ್ಲಿ ಬೆಂಗಳೂರು ಕಡೆಯ ರೈಲು ಹತ್ತಿದರೆ ಮರುದಿನ ಕನ್ನಡ ನಾಡು. ಅಲ್ಲಿಂದ ಮುಂದೆ ಯಾವ ದ್ವೀಪಕ್ಕೆ ಹೋಗಬೇಕು?

ಇದಕ್ಕೆ ಉತ್ತರ ಹುಡುಕಲು ಮೊದಲು ನಮ್ಮ ಕೋಠಿಗೇ ಹೋಗೋಣ ಬನ್ನಿ.

ಕೋಠಿಯಲ್ಲಿ ಹಳೆಯ ಪಠ್ಯಪುಸ್ತಕ ಕೊಳ್ಳದ ಹೈದರಾಬಾದಿ ಯಾರಿದ್ದಾರೆ? ಸುಲ್ತಾನ್ ಬಜಾರಿನಲ್ಲಿ ಸೀರೆಯ ಚೌಕಾಸಿ ಮಾಡಿ, ಮಹಿಳಾ ಕಾಲೇಜಿನ ಮುಂದೆ ಬಸ್ಸಿಗಾಗಿ ಕಾದಿದ್ದೇವೆ. ಆದರೆ ಆ ಕಾಲೇಜಿನ ಕಾಂಪೌಂಡಿನ ಒಳಗಿರುವ ಬಿಳಿಯ ಕಟ್ಟಡವನ್ನು ನಮ್ಮಲ್ಲಿ ಎಷ್ಟು ಜನ ನಿಂತು ನೋಡಿದ್ದೇವೆ? ಗ್ರೀಕ್ ಶೈಲಿಯ ಆರು ಎತ್ತರದ ಕಂಬಗಳು, ವಿಶಾಲ ಮೆಟ್ಟಿಲು, ಎರಡು ಬದಿಗೂ ಸಿಂಹಗಳು. ಬಡಾವಣೆಗೆ ಕೋಠಿ ಎಂಬ ಹೆಸರು ಬಂದದ್ದೇ ಈ ಬಂಗಲೆಯಿಂದ. ನಿಜಾಮನ ದರಬಾರಿನಲ್ಲಿದ್ದ ಇಂಗ್ಲಿಷ್ ಪ್ರತಿನಿಧಿಯ ಮನೆ ಇದು, ಅಂದರೆ ರೆಸಿಡೆನ್ಸಿ. ಕಟ್ಟಿಸಿದವನು ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್. ಹೆಸರಿನಲ್ಲೂ ಗ್ರೀಕ್ ವೀರನೊಬ್ಬ ಕೂತಿದ್ದಾನೆ ನೋಡಿ! ಹೈದರಾಬಾದಿನ ಖೈರುನ್ನೀಸಾಳನ್ನು ಮದುವೆಯಾಗಿ, ಹೈದರಾಬಾದಿಗಳಂತೆಯೇ ಉಡುಗೆ ತೊಟ್ಟು ಬಾಳಿದ ಇಂಗ್ಲಿಷಿನವನು ಅವನು.

ಈ ಬಂಗಲೆಯ ಬಗ್ಗೆ ಒಂದು ಕಥೆ ಹೇಳುತ್ತಾರೆ. ಕರ್ಕ್‌ಪ್ಯಾಟ್ರಿಕ್ ಜಾಗ ಕೇಳಲು ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆಸಿಕೊಂಡು ನಿಜಾಮ ಅಲಿ ಖಾನನ ಮುಂದೆ ಹಿಡಿದನಂತೆ. ನಿಜಾಮ ನೋಡಿದವನೇ ಆಗದು ಎಂದುಬಿಟ್ಟ. ಆಮೇಲೆ ಮಂತ್ರಿ ಗುಟ್ಟು ಹೇಳಿದ: "ನೀವು ತಂದ ನಕ್ಷೆ ನಮ್ಮ ರಾಜ್ಯದ ನಕ್ಷೆಯಷ್ಟೇ ದೊಡ್ಡದಾಗಿತ್ತು, ಹುಜೂರರು ಹೆದರಿದರು." ಅದನ್ನೇ ಒಂದು ಚೀಟಿಯ ಮೇಲೆ ಚಿಕ್ಕದಾಗಿ ಬರೆದು ತಂದಾಗ ಒಪ್ಪಿಗೆ ಸಿಕ್ಕಿತು. ಕಥೆ ನಗು ತರಿಸುತ್ತದೆ. ಆದರೆ ಇದೇ ನಿಜಾಮ, ಇದೇ ಕರ್ಕ್‌ಪ್ಯಾಟ್ರಿಕ್ ಜೊತೆ 1800ರಲ್ಲಿ ಮಾಡಿಕೊಂಡ ಇನ್ನೊಂದು ವ್ಯವಹಾರ ನಗುವಂಥದ್ದಲ್ಲ. ಅದು ತಿಳಿಯಲು ಶ್ರೀರಂಗಪಟ್ಟಣಕ್ಕೆ ಹೋಗಬೇಕು.

ಕಾವೇರಿ ಎರಡಾಗಿ ಕವಲೊಡೆದು ಮತ್ತೆ ಕೂಡುವ ನಡುವೆ ಶ್ರೀರಂಗಪಟ್ಟಣವಿದೆ. ಮೈಸೂರಿನಿಂದ ಸುಮಾರು 15 ಕಿ.ಮೀ. ಗಂಗರ ಕಾಲದ ರಂಗನಾಥನ ಗುಡಿ ಇಲ್ಲಿಯದು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಕೋಟೆಯನ್ನು ಪಡೆದು, ಅದೇ ವರ್ಷ ಇಲ್ಲಿ ದಸರಾ ಆರಂಭಿಸಿದರು. ಇಂದು ಮೈಸೂರು ದಸರಾ ಎಂದು ಹೆಸರಾದ ಉತ್ಸವದ ತವರು ಈ ದ್ವೀಪ. ಹೈದರ್ ಅಲಿ, ಟಿಪ್ಪುವಿನ ಕಾಲದಲ್ಲಿ ಇಡೀ ದಕ್ಷಿಣ ಭಾರತ ಈ ಊರಿನ ಕಡೆ ಕಿವಿ ಇಟ್ಟು ಕೂತಿತ್ತು.

1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಬಾಗ್‌ಗೆ ಹೋದಾಗ ಗೋಡೆಯ ಚಿತ್ರಗಳ ಮುಂದೆ ಅವಸರ ಮಾಡಬೇಡಿ. 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರು ಸೋತ ದೃಶ್ಯ ಅಲ್ಲಿದೆ. ಅದೇ ಗೋಡೆಗಳಲ್ಲಿ ನಿಜಾಮನ ಸೈನ್ಯವನ್ನೂ ಬರೆದಿದ್ದಾರೆ. ಹೈದರಾಬಾದಿನಿಂದ ಹೋದ ನಮಗೆ ಅಲ್ಲಿ ನಮ್ಮೂರಿನವರೇ ಸಿಕ್ಕಂತಾಗುತ್ತದೆ, ಆದರೆ ಎದುರು ಪಕ್ಷದಲ್ಲಿ.

ಹೌದು, ಹೈದರಾಬಾದ್ ಈ ದ್ವೀಪದ ಮೇಲೆ ದಂಡೆತ್ತಿ ಹೋಗಿದೆ. 1792ರಲ್ಲಿ ಕಾರ್ನ್‌ವಾಲಿಸ್ ಜೊತೆ ನಿಜಾಮರೂ ಮರಾಠರೂ ಸೇರಿ ಮುತ್ತಿಗೆ ಹಾಕಿದರು. ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಟ್ಟ. 1798ರಲ್ಲಿ ಕರ್ಕ್‌ಪ್ಯಾಟ್ರಿಕ್ ನಿಜಾಮನಿಂದ ಹೊಸ ಒಪ್ಪಂದಕ್ಕೆ ಸಹಿ ಹಾಕಿಸಿ, ಹೈದರಾಬಾದಿನಲ್ಲಿದ್ದ ಫ್ರೆಂಚ್ ತರಬೇತಿಯ ಪಡೆಯನ್ನು ಬರಖಾಸ್ತು ಮಾಡಿಸಿದ. ಟಿಪ್ಪುವಿಗೆ ನೆರವಾಗಬಹುದಾಗಿದ್ದ ಒಂದು ಬಾಗಿಲು ಹೀಗೆ ಮುಚ್ಚಿತು. ಮರುವರ್ಷವೇ ಕೊನೆಯ ದಾಳಿ. ನಿಜಾಮನ ಪಡೆಯ ಜೊತೆ ಹೋದವನು ಮೀರ್ ಆಲಂ. 1799ರ ಮೇ 4ರ ಮಧ್ಯಾಹ್ನ ಕೋಟೆಯ ಗೋಡೆ ಒಡೆದ ಜಾಗದಿಂದ ಸೈನಿಕರು ನುಗ್ಗಿದರು. ಸಂಜೆಯ ಹೊತ್ತಿಗೆ ಟಿಪ್ಪು ಹೆಣಗಳ ರಾಶಿಯಲ್ಲಿ ಸಿಕ್ಕ. ಮರುದಿನ ತಂದೆ ತಾಯಿಯ ಪಕ್ಕ ಗುಂಬಜಿನಲ್ಲಿ ಮಣ್ಣು ಮಾಡಿದರು. ಪಟ್ಟಣ ಲೂಟಿಯಾಯಿತು. ರಾಜಧಾನಿ ಮೈಸೂರಿಗೆ ಹೋಯಿತು.

ಬಹದ್ದೂರಪುರದ ಪ್ರಾಣಿಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಪಕ್ಕದ ಮೀರ್ ಆಲಂ ಕೆರೆ ನೋಡಿರುತ್ತೀರಿ. ಅದು ಈ ಮೀರ್ ಆಲಂ ಹೆಸರಿನದೇ. ಶ್ರೀರಂಗಪಟ್ಟಣದಲ್ಲಿ ತನ್ನ ಪಾಲಿಗೆ ಬಂದ ಹಣದಿಂದಲೇ ಅವನು ಅದನ್ನು ಕಟ್ಟಿಸಿದ ಎಂಬ ಮಾತು ಹಿಂದಿನಿಂದ ಬಂದಿದೆ. ಈ ಊರು ಎಷ್ಟೋ ವರ್ಷ ಕುಡಿದದ್ದು ಆ ಕೆರೆಯ ನೀರನ್ನು.

ಈಗ ಆ ವ್ಯವಹಾರಕ್ಕೆ ಬರೋಣ. 1792 ಮತ್ತು 1799ರಲ್ಲಿ ಮೈಸೂರಿನಿಂದ ನಿಜಾಮನಿಗೆ ಸಿಕ್ಕ ಸೀಮೆ ಅವನ ಕೈಯಲ್ಲಿ ಬಹಳ ದಿನ ನಿಲ್ಲಲಿಲ್ಲ. ತನ್ನ ರಕ್ಷಣೆಗೆಂದು ಇಟ್ಟ ಇಂಗ್ಲಿಷ್ ಪಡೆಯ ಖರ್ಚಿಗೆ ಪ್ರತಿಯಾಗಿ 1800ರ ಅಕ್ಟೋಬರಿನಲ್ಲಿ ಅದನ್ನು ಕಂಪನಿಗೆ ಬರೆದುಕೊಟ್ಟ. ಬಳ್ಳಾರಿ, ಅನಂತಪುರ, ಕಡಪ ಹೀಗೆ ಹೋದವು. ಕೊಟ್ಟ ಸೀಮೆ ಎಂಬ ಅರ್ಥದಲ್ಲಿ ಅದಕ್ಕೆ ದತ್ತ ಮಂಡಲ ಎಂದು ಹೆಸರಾಯಿತು. ಒಪ್ಪಂದ ಕುದುರಿಸಿದವನು ಕರ್ಕ್‌ಪ್ಯಾಟ್ರಿಕ್. ತುಂಗಭದ್ರೆಯೇ ಗಡಿಯಾಯಿತು. ಹೊಳೆಯ ಆಚೆಯ ಕೊಪ್ಪಳ ನಿಜಾಮನಿಗೆ ಉಳಿಯಿತು, ಈಚೆಯ ಹೊಸಪೇಟೆ, ಬಳ್ಳಾರಿ ಮದರಾಸಿಗೆ ಸೇರಿದವು. ಒಂದೇ ಮಾತಾಡುವ, ಪರಸ್ಪರ ಹೆಣ್ಣು ಕೊಟ್ಟು ತರುವ ಜನ ಎರಡು ಸರಕಾರಗಳ ಕೈಕೆಳಗೆ ಬದುಕಿದರು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಮರಳಿದ್ದು 1953ರ ಅಕ್ಟೋಬರ್ 1ರಂದು. ಕೊಪ್ಪಳ, ರಾಯಚೂರು, ಕಲಬುರಗಿ, ಬೀದರ್ ಬಂದದ್ದು 1956ರ ನವೆಂಬರ್ 1ರಂದು. ಆದವಾನಿ, ಆಲೂರು, ರಾಯದುರ್ಗ ಆಂಧ್ರದಲ್ಲೇ ಉಳಿದವು. ಇವತ್ತಿಗೂ ಅಲ್ಲಿ ಕನ್ನಡ ಕೇಳುತ್ತದೆ. ನಮ್ಮ ಕಾರ್ಯಕ್ರಮ ಕೇಳುವ ನಿಮ್ಮಲ್ಲಿ ಎಷ್ಟು ಜನರ ಹಿರಿಯರು ರಾಯಚೂರು, ಕೊಪ್ಪಳದಿಂದ ಹೈದರಾಬಾದಿಗೆ ಬಂದರು? ಅವರು ಬೆಂಗಳೂರಿಗೆ ಹೋಗದೆ ಇಲ್ಲಿಗೇ ಏಕೆ ಬಂದರು? ಆಗ ಅವರ ರಾಜಧಾನಿ ಇದೇ ಊರು. ಆ ಗಡಿಯ ಬೇರು ಶ್ರೀರಂಗಪಟ್ಟಣದ ಒಡೆದ ಗೋಡೆಯಲ್ಲೂ ನಮ್ಮ ಕೋಠಿಯಲ್ಲೂ ಇದೆ.

ಇನ್ನು ಎರಡನೆಯ ದ್ವೀಪ. ಶ್ರೀರಂಗಪಟ್ಟಣದಿಂದ ಮಳವಳ್ಳಿಯ ಮೇಲೆ ಎಪ್ಪತ್ತು ಎಂಬತ್ತು ಕಿ.ಮೀ. ಹೋದರೆ ಶಿವನಸಮುದ್ರ. ಇಲ್ಲೂ ಕಾವೇರಿ ಎರಡಾಗುತ್ತದೆ, ಆದರೆ ಧುಮುಕಿ ಮುಂದೆ ಹೋಗುತ್ತದೆ. ಒಂದು ಕವಲು ಗಗನಚುಕ್ಕಿ, ಇನ್ನೊಂದು ಭರಚುಕ್ಕಿ. ಶ್ರೀರಂಗಪಟ್ಟಣದವನು ಆದಿರಂಗ, ಇಲ್ಲಿಯವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಮೂವರೂ ಕಾವೇರಿಯ ದ್ವೀಪವಾಸಿಗಳೇ. ಉಮ್ಮತ್ತೂರಿನ ಗಂಗರಾಜನ ಕೋಟೆ ಇಲ್ಲಿತ್ತು. ಪಟ್ಟಕ್ಕೆ ಬಂದ ಹೊಸದರಲ್ಲೇ ಕೃಷ್ಣದೇವರಾಯ ಅದನ್ನು ಗೆದ್ದ.

ಆದರೆ ಶಿವನಸಮುದ್ರದ ದೊಡ್ಡ ಕಥೆ ಯುದ್ಧದ್ದಲ್ಲ, ದೀಪದ್ದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಇಲ್ಲಿ ಜಲವಿದ್ಯುತ್ ಕೇಂದ್ರದ ಕೆಲಸ ಶುರುವಾಯಿತು. 1902ರ ಜೂನ್ 30ರಂದು ಇಲ್ಲಿಯ ವಿದ್ಯುತ್ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಅಷ್ಟು ದೂರಕ್ಕೆ ತಂತಿಯ ಮೇಲೆ ವಿದ್ಯುತ್ ಒಯ್ಯುವುದು ಆ ಕಾಲಕ್ಕೆ ದೊಡ್ಡ ಸಾಹಸ. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿ ದೀಪಗಳು ಹೊತ್ತಿದ್ದೂ ಇಲ್ಲಿಯ ನೀರಿನಿಂದಲೇ.

ಹಾಗಾದರೆ ಯಾವುದಕ್ಕೆ ಹೋಗಬೇಕು? ಮಳೆ ಚೆನ್ನಾಗಿ ಆದ ವರ್ಷ, ಜುಲೈನಿಂದ ಅಕ್ಟೋಬರ್ ಒಳಗೆ, ಒಂದೇ ದಿನ ಕೈಯಲ್ಲಿದ್ದರೆ ಶಿವನಸಮುದ್ರ. ನೀರು ಬೀಳುವುದನ್ನು ನೋಡಲು ಚರಿತ್ರೆ ಗೊತ್ತಿರಬೇಕಾಗಿಲ್ಲ. ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ ಕಂಡು ಬೇಸರಪಡುತ್ತೀರಿ. ಮತ್ತೊಂದು ಮಾತು: ಕಟ್ಟೆಯ ಈಚೆಗೇ ನಿಂತು ನೋಡಿ. ಬಂಡೆ ಇಳಿದು ಈಜಲು ಹೋದವರು ಎಷ್ಟೋ ಜನ ಮರಳಿಲ್ಲ.

ಆದರೆ ಮೊದಲ ಸಲ ಹೋಗುತ್ತಿದ್ದರೆ, ಜೊತೆಗೆ ಶಾಲೆಗೆ ಹೋಗುವ ಮಕ್ಕಳಿದ್ದರೆ, ನನ್ನ ಓಟು ಶ್ರೀರಂಗಪಟ್ಟಣಕ್ಕೆ. ಎರಡು ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ರಂಗನಾಥನ ದರ್ಶನ, ಆಮೇಲೆ ಗೋಡೆ ಒಡೆದ ಜಾಗ, ಬಿಸಿಲು ಇಳಿದ ಮೇಲೆ ಗುಂಬಜ್ ಮತ್ತು ದರಿಯಾ ದೌಲತ್. ವಯಸ್ಸಾದವರು ಸಂಗಮದ ಮೆಟ್ಟಿಲ ಮೇಲೆ ಕೂತು ಕಾಲು ಚಾಚಬಹುದು. ಟಿಪ್ಪುವನ್ನು ಹೊಗಳುವವರೂ ಇದ್ದಾರೆ, ತೆಗಳುವವರೂ ಇದ್ದಾರೆ. ಆ ಜಗಳ ಮಕ್ಕಳಿಗೆ ಹೇಗಾದರೂ ಕಿವಿಗೆ ಬೀಳುತ್ತದೆ. ಜಗಳಕ್ಕೆ ಮುಂಚೆ ಅವರು ಜಾಗವನ್ನು ಕಣ್ಣಾರೆ ನೋಡಿರಲಿ.

ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಒಂದು ಸಂಜೆ ಮಕ್ಕಳನ್ನು ಕೋಠಿಗೆ ಕರೆದುಕೊಂಡು ಹೋಗಿ ರೆಸಿಡೆನ್ಸಿಯ ಕಂಬಗಳನ್ನು ತೋರಿಸಿ. 1949ರಿಂದ ಅಲ್ಲಿ ಹೆಣ್ಣುಮಕ್ಕಳು ಓದುತ್ತಿದ್ದಾರೆ ಎಂಬುದನ್ನೂ ಹೇಳಿ. ಎರಡು ರಾಜ್ಯಗಳ ಹಣೆಬರಹ ಬರೆದ ಮನೆ ಕೊನೆಗೆ ಶಾಲೆಯ ಮನೆಯಾಯಿತಲ್ಲ, ಅದು ಒಳ್ಳೆಯ ಸುದ್ದಿ. ಆಮೇಲೆ ಕಾಚಿಗೂಡದಲ್ಲಿ ರೈಲು ಹತ್ತಿ. ಕರ್ನೂಲು, ಅನಂತಪುರದ ಮೇಲೆ ರೈಲು ಹೋಗುವಾಗ ಯಾರಾದರೂ ಎಚ್ಚರವಿದ್ದರೆ ಕಿಟಕಿಯ ಆಚೆ ತೋರಿಸಿ ಹೇಳಿ: ಇದೇ ಆ ಕೊಟ್ಟ ಸೀಮೆ.

ಹೋಗಿ ಬಂದ ಮೇಲೆ ನಮಗೆ ಕಾಗದ ಬರೆಯುವುದನ್ನು ಮರೆಯಬೇಡಿ. ಯಾವ ದ್ವೀಪ ಗೆದ್ದಿತು ಎಂದು ತಿಳಿಯುವ ಆಸೆ ನಮಗೂ ಇದೆ.