ಕಾಯಿಲೆಯೋ ದುರ್ನಡತೆಯೋ: ಮಾದಕದ್ರವ್ಯ ಪರೀಕ್ಷೆ ಮತ್ತು ಲಂಡನ್ನಿನ ನರ್ಸುಗಳ ನೋಂದಣಿ

ಮಾದಕದ್ರವ್ಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ನರ್ಸ್ ಕೆಲಸ ಕಳೆದುಕೊಳ್ಳುವುದು ಒಂದು, ವೃತ್ತಿಯನ್ನೇ ಕಳೆದುಕೊಳ್ಳುವುದು ಇನ್ನೊಂದು. ಲಂಡನ್ನಿನಲ್ಲಿ ಮೊದಲನೆಯದು ಆಸ್ಪತ್ರೆಯ ಕೈಯಲ್ಲಿದೆ. ಎರಡನೆಯದನ್ನು ತೀರ್ಮಾನಿಸುವುದು ಅದೇ ಊರಿನ ಪೋರ್ಟ್‌ಲೆಂಡ್ ಪ್ಲೇಸಿನಲ್ಲಿ ಕಚೇರಿಯಿರುವ, 2002ರಿಂದ ಕೆಲಸ ಮಾಡುತ್ತಿರುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್. ಪರೀಕ್ಷೆಯ ಫಲಿತಾಂಶಕ್ಕಿಂತಲೂ ಆ ಪ್ರಕರಣ ಕೌನ್ಸಿಲಿನಲ್ಲಿ ಕಾಯಿಲೆ ಎಂದು ದಾಖಲಾಯಿತೋ ದುರ್ನಡತೆ ಎಂದು ದಾಖಲಾಯಿತೋ ಎಂಬುದೇ ನರ್ಸಿನ ಹಣೆಬರಹ ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ.

ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸುಗಳನ್ನೆಲ್ಲ ಸಾಲಾಗಿ ಪರೀಕ್ಷಿಸುವ ವಾಡಿಕೆಯಿಲ್ಲ. ಪರೀಕ್ಷೆಗೆ ನೌಕರರ ಒಪ್ಪಿಗೆ ಬೇಕು. ಉದ್ಯೋಗದ ಕರಾರಿನಲ್ಲಿ ಅದಕ್ಕೆ ಆಧಾರವಿರಬೇಕು. ಸಾಮಾನ್ಯವಾಗಿ ಅನುಮಾನ ಮೊದಲು ಬರುತ್ತದೆ, ಪರೀಕ್ಷೆ ಆಮೇಲೆ. ಮೂತ್ರದ ಪ್ರಾಥಮಿಕ ತಪಾಸಣೆಯನ್ನೇ ನೆಚ್ಚುವಂತಿಲ್ಲ. ಮಾಸ್ ಸ್ಪೆಕ್ಟ್ರೋಮೆಟ್ರಿಯ ದೃಢೀಕರಣ ಬೇಕು. ದೃಢಪಟ್ಟ ಮೇಲೂ ಅರ್ಥೈಸುವ ಕೆಲಸ ಉಳಿದೇ ಇರುತ್ತದೆ. ಪ್ಯಾರಾಸಿಟಮಾಲ್ ಜೊತೆ ಬೆರೆಸಿದ ಅಲ್ಪ ಪ್ರಮಾಣದ ಕೊಡೀನ್ ಅಲ್ಲಿ ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಗಸಗಸೆಯಲ್ಲಿಯೂ ಮಾರ್ಫಿನ್‌ನ ಅಂಶವಿರುತ್ತದೆ. ಅಮೆರಿಕದ ಕೇಂದ್ರ ಸರ್ಕಾರ 1998ರಲ್ಲಿ ಓಪಿಯೇಟ್ ಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದ್ದಕ್ಕೆ ಇಂಥ ಸುಳ್ಳು ಸಂಶಯಗಳೇ ಕಾರಣ. ಹಬ್ಬದ ಮಧ್ಯಾಹ್ನ ಗಸಗಸೆ ಪಾಯಸ ಉಂಡು ರಾತ್ರಿ ಪಾಳಿಗೆ ಹೋಗುವ ಕನ್ನಡದ ನರ್ಸಿಗೆ ಇದು ತಿಳಿದಿರಬೇಕಾದ ಸಂಗತಿ. ಕೂದಲಿನ ಪರೀಕ್ಷೆಯಲ್ಲಿ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಒಂದು ತಿಂಗಳ ಕಥೆ ಹೇಳುತ್ತದೆ. ಆದರೆ ಕೊಕೇನ್‌ನಂಥ ದ್ರವ್ಯಗಳು ಮೆಲನಿನ್ನಿಗೆ ಅಂಟಿಕೊಳ್ಳುವುದರಿಂದ ಕಪ್ಪು ಕೂದಲಿನಲ್ಲಿ ಹೆಚ್ಚು ಶೇಖರವಾಗುತ್ತವೆ. ಬರೀ ಪ್ರಮಾಣ ನೋಡಿ ಸೇವನೆಯನ್ನು ಅಳೆಯುವುದು ಸಾಧುವಲ್ಲ.

ವಾರ್ಡಿನ ಔಷಧಿಯನ್ನೇ ಬಳಸಿಕೊಂಡವರ ವಿಷಯದಲ್ಲಿ ಮೂತ್ರಕ್ಕಿಂತ ಮೊದಲು ರಿಜಿಸ್ಟರು ಬಾಯಿಬಿಡುತ್ತದೆ. ಮಾರ್ಫಿನ್‌ನಂಥ ನಿಯಂತ್ರಿತ ಔಷಧಿಗಳನ್ನು ಬೀಗದಲ್ಲಿಟ್ಟು, ಕಪಾಟಿನಿಂದ ತೆಗೆದದ್ದಕ್ಕೂ ಉಳಿದದ್ದನ್ನು ಚೆಲ್ಲಿದ್ದಕ್ಕೂ ಲೆಕ್ಕ ಬರೆದು ಇಬ್ಬರು ಸಹಿ ಹಾಕುವುದು ಆಸ್ಪತ್ರೆಗಳ ರೂಢಿ. ಈ ಬಿಗಿ ಇನ್ನಷ್ಟು ಹೆಚ್ಚಿದ್ದರ ಹಿಂದೆ ವೈದ್ಯನೊಬ್ಬನ ಚರಿತ್ರೆಯಿದೆ. ಹೆರಾಲ್ಡ್ ಶಿಪ್‌ಮನ್ ಪೆಥಿಡೀನ್ ಚಟಕ್ಕೆ ಸುಳ್ಳು ಚೀಟಿ ಬರೆದು 1976ರಲ್ಲೇ ಶಿಕ್ಷೆಗೊಳಗಾಗಿದ್ದ. ವೈದ್ಯಕೀಯ ಮಂಡಳಿ ಎಚ್ಚರಿಕೆಯ ಪತ್ರ ಕೊಟ್ಟು ಬಿಟ್ಟಿತು. 2000ದಲ್ಲಿ ಅವನು ಹದಿನೈದು ರೋಗಿಗಳ ಕೊಲೆಗಾರನೆಂದು ಸಾಬೀತಾದ. ಅವನ ಕೃತ್ಯಗಳ ಬಗ್ಗೆ ನ್ಯಾಯಾಧೀಶೆ ಜಾನೆಟ್ ಸ್ಮಿತ್ ನೇತೃತ್ವದಲ್ಲಿ ನಡೆದ ವಿಚಾರಣೆಯ ವರದಿಗಳ ನಂತರವೇ ಪ್ರತಿ ಆಸ್ಪತ್ರೆ ಸಂಸ್ಥೆಯೂ ನಿಯಂತ್ರಿತ ಔಷಧಿಗಳಿಗೆ ಹೊಣೆಗಾರ ಅಧಿಕಾರಿಯನ್ನು ನೇಮಿಸಬೇಕೆಂಬ ಕಾನೂನು 2006ರಲ್ಲಿ ಬಂತು. ಶಿಪ್‌ಮನ್ ಕೊಂದದ್ದು ಚಟದಿಂದಲ್ಲ. ಆದರೂ ಅವನ ನೆರಳು ಚಟಕ್ಕೆ ಬಿದ್ದ ಪ್ರತಿ ನರ್ಸಿನ ಕಡತದ ಮೇಲೂ ಬಿದ್ದಿದೆ ಎಂದೇ ನನಗೆ ತೋರುತ್ತದೆ.

ಕೌನ್ಸಿಲಿನ ಸಮಿತಿ ಕೊಡಬಹುದಾದ ಶಿಕ್ಷೆಗಳು ನಾಲ್ಕು: ಒಂದರಿಂದ ಐದು ವರ್ಷದ ಎಚ್ಚರಿಕೆ, ಮೂರು ವರ್ಷದವರೆಗಿನ ಷರತ್ತುಗಳು, ಒಂದು ವರ್ಷದವರೆಗಿನ ಅಮಾನತು, ನೋಂದಣಿ ಪಟ್ಟಿಯಿಂದ ಹೆಸರು ತೆಗೆಯುವುದು. ಹೆಸರು ಹೋದವರು ಐದು ವರ್ಷ ಕಳೆಯದೆ ಮರಳಿ ಅರ್ಜಿ ಹಾಕುವಂತಿಲ್ಲ. ಪ್ರಕರಣಕ್ಕೆ ಅನಾರೋಗ್ಯವೊಂದೇ ಆಧಾರವಾಗಿದ್ದರೆ ಕಾನೂನು ಒಂದು ರಕ್ಷಣೆ ಕೊಡುತ್ತದೆ: ಎರಡು ವರ್ಷ ಎಡೆಬಿಡದೆ ಅಮಾನತು ಅಥವಾ ಷರತ್ತಿನ ಅಡಿಯಲ್ಲಿ ಇದ್ದವರ ಹೊರತು ಯಾರ ಹೆಸರನ್ನೂ ತೆಗೆಯಲಾಗದು. ಆರೋಗ್ಯದ ವಿವರಗಳ ವಿಚಾರಣೆಯೂ ಸಾಮಾನ್ಯವಾಗಿ ಖಾಸಗಿಯಾಗಿ ನಡೆಯುತ್ತದೆ. ಅದೇ ನರ್ಸ್ ರೋಗಿಗೆ ಕೊಡಬೇಕಾದ ಆಂಪೂಲನ್ನು ತಾನೇ ಚುಚ್ಚಿಕೊಂಡು ರಿಜಿಸ್ಟರಿನಲ್ಲಿ ಸುಳ್ಳು ಬರೆದಿದ್ದರೆ ಅದು ಅಪ್ರಾಮಾಣಿಕತೆ, ಅಂದರೆ ದುರ್ನಡತೆ. ಆಗ ಈ ರಕ್ಷಣೆ ಇಲ್ಲ. ರೋಗಿ ನೋವಿನಲ್ಲಿ ಒದ್ದಾಡಿದ್ದರೆ ಇದನ್ನು ಕಠೋರ ಎನ್ನಲು ನನಗೂ ಮನಸ್ಸಿಲ್ಲ. ಆದರೆ ಮುಚ್ಚಿಡುವುದು, ಸುಳ್ಳು ಹೇಳುವುದು ಚಟದ ಲಕ್ಷಣಗಳೇ ಎಂದು ಚಿಕಿತ್ಸಾಶಾಸ್ತ್ರ ಹೇಳುವಾಗ, ಕಾಯಿಲೆಯನ್ನು ಒಂದು ಕಡತಕ್ಕೂ ಅದರ ಲಕ್ಷಣವನ್ನು ಇನ್ನೊಂದಕ್ಕೂ ಹಂಚುವ ಕ್ರಮ ಪ್ರಶ್ನಾರ್ಹ. ಲಂಡನ್ನಿನ ವೈದ್ಯರಿಗೂ ದಂತವೈದ್ಯರಿಗೂ ಗುಟ್ಟಾಗಿ ಚಿಕಿತ್ಸೆ ಪಡೆಯಲು 2008ರಲ್ಲೇ ಪ್ರತ್ಯೇಕ ಸೇವೆ ತೆರೆಯಿತು. ಅದು ಶುರುವಾದಾಗ ನರ್ಸುಗಳು ಅದರ ವ್ಯಾಪ್ತಿಯಲ್ಲಿರಲಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಶಿಸ್ತುಕ್ರಮಕ್ಕೆ ಬದಲಾಗಿ ಚಿಕಿತ್ಸೆ ಮತ್ತು ನಿಗಾ ಎಂಬ ದಾರಿ 1980ರ ದಶಕದಿಂದಲೇ ಇದೆ.

ತೀರ್ಪಿಗೆ ಮುಂಚೆಯೇ ಬರುವ ಪೆಟ್ಟು ಮಧ್ಯಂತರ ಆದೇಶದ್ದು. ಆರೋಪ ಸಾಬೀತಾಗುವ ಮೊದಲೇ ಹದಿನೆಂಟು ತಿಂಗಳವರೆಗೆ ನರ್ಸನ್ನು ಕೆಲಸದಿಂದ ದೂರವಿಡಬಹುದು. ಹೈಕೋರ್ಟ್ ಅದನ್ನು ವಿಸ್ತರಿಸಬಹುದು. ವಕೀಲ ನಜೀರ್ ಅಫ್ಜಲ್ ಸಿದ್ಧಪಡಿಸಿ 2024ರ ಜುಲೈಯಲ್ಲಿ ಹೊರಬಂದ ವರದಿ ಕೌನ್ಸಿಲಿನೊಳಗಿನ ವರ್ಣಭೇದ, ಬೆದರಿಕೆಯ ವಾತಾವರಣ, ಪ್ರಕರಣಗಳ ವಿಳಂಬವನ್ನು ಬಯಲಿಗೆಳೆಯಿತು. ವಿಚಾರಣೆ ಎದುರಿಸುತ್ತಿದ್ದಾಗಲೇ ಪ್ರಾಣ ಕಳೆದುಕೊಂಡ ನರ್ಸುಗಳ ಸಂಗತಿಯನ್ನೂ ಅದು ದಾಖಲಿಸಿದೆ.

ಕರ್ನಾಟಕದ ಕಾಲೇಜುಗಳಲ್ಲಿ ಓದಿ 2020ರಲ್ಲಿ ಆರಂಭವಾದ ಆರೋಗ್ಯ ವೀಸಾದ ಮೇಲೆ ಲಂಡನ್ನಿಗೆ ಹೋದವರಿಗೆ ಈ ವಿಳಂಬದ ಅರ್ಥವೇ ಬೇರೆ. ಆ ವೀಸಾ ಒಬ್ಬ ಮಾಲೀಕನಿಗೆ ಕಟ್ಟಿದ್ದು. ಕೆಲಸದಿಂದ ತೆಗೆದರೆ ಆಸ್ಪತ್ರೆ ಹತ್ತು ಕೆಲಸದ ದಿನಗಳೊಳಗೆ ಗೃಹ ಇಲಾಖೆಗೆ ತಿಳಿಸಬೇಕು; ಇಲಾಖೆ ಸಾಮಾನ್ಯವಾಗಿ ಅರವತ್ತು ದಿನದ ಗಡುವು ಕೊಡುತ್ತದೆ. ಅಷ್ಟರಲ್ಲಿ ಹೊಸ ಪ್ರಾಯೋಜಕರು ಸಿಗಬೇಕು, ಇಲ್ಲವೇ ದೇಶ ಬಿಡಬೇಕು. ಸಮಿತಿ ಕನಿಕರದಿಂದ ಷರತ್ತುಗಳನ್ನಷ್ಟೇ ಹಾಕಿತು ಎಂದಿಟ್ಟುಕೊಳ್ಳೋಣ: ನಿಯಮಿತ ಪರೀಕ್ಷೆ, ವೈದ್ಯರ ವರದಿ, ಮೇಲ್ವಿಚಾರಣೆಯಿಲ್ಲದೆ ನಿಯಂತ್ರಿತ ಔಷಧಿ ಮುಟ್ಟದಿರುವುದು. ಇವನ್ನು ಪಾಲಿಸಿ ತೋರಿಸಲು ವಾರ್ಡೊಂದರಲ್ಲಿ ಕೆಲಸ ಬೇಕು. ಷರತ್ತು ಹೊತ್ತವರನ್ನು ಪ್ರಾಯೋಜಿಸುವ ಆಸ್ಪತ್ರೆ ಸಿಗದೆ ಊರಿಗೆ ಮರಳಿದ ನರ್ಸ್, ಮರುಪರಿಶೀಲನೆಯ ದಿನ ತಾನು ಸುರಕ್ಷಿತವಾಗಿ ದುಡಿಯಬಲ್ಲೆ ಎನ್ನಲು ಲಂಡನ್ನಿನ ಒಂದು ಪಾಳಿಯ ದಾಖಲೆಯನ್ನೂ ಮುಂದಿಡಲಾರಳು.