ಚಾವಣಿಯ ಮೇಲಿನ ಹೊರೆ: ಎಷ್ಟು ಭಾರ, ಎಷ್ಟು ಎತ್ತರ?

ಮಲೆನಾಡಿನಲ್ಲಿ ಸಂತೆಯ ದಿನ ನೀವು ಈ ನೋಟವನ್ನು ಕಂಡಿರುತ್ತೀರಿ. ಜೀಪಿನ ಒಳಗೆ ಜನ. ಚಾವಣಿಯ ಕ್ಯಾರಿಯರ್ ಮೇಲೆ ಗೊಬ್ಬರದ ಚೀಲ, ಬಾಳೆಗೊನೆ, ಕೆಲವೊಮ್ಮೆ ಇನ್ನಷ್ಟು ಜನ. ಕ್ಯಾರಿಯರ್ ಗಟ್ಟಿಯಾಗಿದೆ, ತಡೆಯುತ್ತದೆ ಎಂಬುದು ಎಲ್ಲರ ನಂಬಿಕೆ. ಕ್ಯಾರಿಯರ್ ತಡೆಯಬಹುದು, ಆದರೆ ಜೀಪು ಮಗುಚದೆ ನಿಲ್ಲುತ್ತದೆಯೇ? ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಎರಡನೆಯ ಪ್ರಶ್ನೆಗೆ ಜನಸಾಮಾನ್ಯರು ಓದಬಹುದಾದ ಅಂಕಿಯ ರೂಪದಲ್ಲಿ ಉತ್ತರ ದೊರೆಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

1941ರಿಂದ ಅಮೆರಿಕದ ಸೇನೆಗಾಗಿ ತಯಾರಾದ ವಿಲ್ಲಿಸ್ ಜೀಪಿಗೆ ಗಟ್ಟಿ ಚಾವಣಿಯೇ ಇರಲಿಲ್ಲ. ಇದ್ದುದು ಮಡಚಿಡುವ ಕ್ಯಾನ್ವಾಸ್ ಹೊದಿಕೆ. ಹಾಗಾಗಿ ಹೊರೆಯನ್ನು ವಾಹನದ ತಳದಲ್ಲೋ ಹಿಂದೆ ಕಟ್ಟಿದ ಟ್ರೇಲರಿನಲ್ಲೋ ಇಡಬೇಕಿತ್ತು. 1948ರಲ್ಲಿ ಬ್ರಿಟನ್ನಿನ ಲ್ಯಾಂಡ್ ರೋವರ್ ಬಂದಿತು. ಲೋಹದ ಚಾವಣಿಯ ಮಾದರಿಗಳು ಬಳಕೆಗೆ ಬಂದಂತೆ ಅದರ ಮೇಲಿನ ಜಾಗವೂ ಹೊರೆಗೆ ಒದಗಿತು. 1955ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳ ಆರು ಯುವಕರು ಎರಡು ಲ್ಯಾಂಡ್ ರೋವರ್‌ಗಳಲ್ಲಿ ಲಂಡನ್ನಿನಿಂದ ಹೊರಟು, ಭಾರತವನ್ನೂ ಹಾದು, 1956ರ ಮಾರ್ಚಿನಲ್ಲಿ ಸಿಂಗಪುರ ತಲುಪಿದರು. ಅವರ ವಾಹನಗಳ ಚಾವಣಿಯ ಮೇಲೂ ಕ್ಯಾರಿಯರ್‌ಗಳಿದ್ದವು. ಇಂಥ ಪಯಣಗಳಿಂದಾಗಿ ದೂರದ ದಾರಿಯ ವಾಹನವೆಂದರೆ ತಲೆಯ ಮೇಲೆ ಹೊರೆ ಹೊತ್ತ ವಾಹನ ಎಂಬ ಚಿತ್ರ ಜನಮನದಲ್ಲಿ ನಿಂತಿತು.

ಅದೇ ಕಾಲದ ಇನ್ನೊಂದು ವಾಹನ ಬೇರೆಯೇ ಪಾಠ ಕಲಿಸಿತು. 1960ರ ಸುಮಾರಿಗೆ ಅಮೆರಿಕದ ಸೇನೆಗೆ ಸೇರಿದ ಎಂ-151 ಎಂಬ ವಾಹನ ತಿರುವುಗಳಲ್ಲಿ ಸುಲಭವಾಗಿ ಮಗುಚುತ್ತಿತ್ತು. ಹಿಂಬದಿಯ ಚಕ್ರಗಳ ಜೋಡಣೆ ಇದಕ್ಕೆ ಮುಖ್ಯ ಕಾರಣ. ಸೈನಿಕರು ಕಂಡುಕೊಂಡ ಉಪಾಯವನ್ನು ಗಮನಿಸಿ: ಹೊರೆಯಿಲ್ಲದಾಗ ಮದ್ದುಗುಂಡಿನ ಪೆಟ್ಟಿಗೆಯಲ್ಲಿ ಮರಳು ತುಂಬಿ ಹಿಂದಿನ ಸೀಟಿನ ಕೆಳಗೆ ಇಡುತ್ತಿದ್ದರು. ತಗ್ಗಿನಲ್ಲಿಟ್ಟ ಭಾರ ವಾಹನವನ್ನು ನೆಲಕ್ಕೆ ಹಿಡಿದಿಡಲು ನೆರವಾಗುತ್ತಿತ್ತು. ಅದೇ ಪೆಟ್ಟಿಗೆಯನ್ನು ಚಾವಣಿಯ ಮೇಲೆ ಕಟ್ಟಿದ್ದರೆ ಪರಿಣಾಮ ತದ್ವಿರುದ್ಧವಾಗುತ್ತಿತ್ತು.

ಏಕೆ? ಎಡ–ಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ದೊರೆಯುವ ಸಂಖ್ಯೆಯೇ ಸ್ಥಿರತಾ ಅಂಕ. ಇದು ದೊಡ್ಡದಿದ್ದಷ್ಟೂ ವಾಹನ ಮಗುಚುವುದು ಕಷ್ಟ. ಸಾಮಾನ್ಯ ಕಾರುಗಳಲ್ಲಿ ಇದು ಸುಮಾರು 1.3ರಿಂದ 1.5, ಎತ್ತರದ ಜೀಪಿನಂಥ ವಾಹನಗಳಲ್ಲಿ ಸುಮಾರು 1.0ರಿಂದ 1.3.

1986ರಲ್ಲಿ ಅಮೆರಿಕದ ಸಂಸತ್ ಸದಸ್ಯ ಟಿಮೊಥಿ ವರ್ತ್, ಈ ಅಂಕ ಕನಿಷ್ಠ 1.2 ಇರಲೇಬೇಕೆಂಬ ನಿಯಮ ತರುವಂತೆ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಗೆ ಮನವಿ ಸಲ್ಲಿಸಿದರು. 1987ರಲ್ಲಿ ಸಂಸ್ಥೆ ಅದನ್ನು ತಿರಸ್ಕರಿಸಿತು. 2000ದಲ್ಲಿ, ಟೈರು ಕಿತ್ತು ವಾಹನಗಳು ಮಗುಚಿ ಅನೇಕರು ಸತ್ತ ಪ್ರಕರಣಗಳು ದೊಡ್ಡ ಸುದ್ದಿಯಾದವು. 2001ರ ಮಾದರಿಗಳಿಂದ ಅದೇ ಸಂಸ್ಥೆ ಸ್ಥಿರತಾ ಅಂಕವನ್ನು ಆಧರಿಸಿ ವಾಹನಗಳಿಗೆ ನಕ್ಷತ್ರಗಳ ಶ್ರೇಣಿ ನೀಡತೊಡಗಿತು. ಆದರೆ ನೆನಪಿಡಿ: ಆ ಅಂಕ ಚಾವಣಿಯ ಮೇಲೆ ಹೊರೆಯಿಲ್ಲದ ವಾಹನದ್ದು. ನಾವು ಮೇಲೇರಿಸುವ ಪ್ರತಿ ಚೀಲವೂ ಅದನ್ನು ಇಳಿಸುತ್ತದೆ.

ಎಷ್ಟು ಇಳಿಸುತ್ತದೆ? ಒಂದು ಲೆಕ್ಕ ಮಾಡೋಣ. ಜೀಪಿನ ರಾಶಿ 1800 ಕಿ.ಗ್ರಾಂ, ಗುರುತ್ವ ಕೇಂದ್ರದ ಎತ್ತರ 0.70 ಮೀ., ಚಕ್ರಗಳ ನಡುವಿನ ಅಂತರ 1.40 ಮೀ. ಎಂದಿರಲಿ. ಸ್ಥಿರತಾ ಅಂಕ 0.70 ÷ 0.70 = 1. ಇಂಥ ವಾಹನ ಓರೆಯಾಗಿ 45 ಡಿಗ್ರಿ ತಲುಪುವವರೆಗೆ ಮಗುಚದು. ಈಗ 2.1 ಮೀ. ಎತ್ತರದಲ್ಲಿ 200 ಕಿ.ಗ್ರಾಂ ಹೊರೆ ಇಡಿ. ಹೊಸ ಗುರುತ್ವ ಕೇಂದ್ರದ ಎತ್ತರ (1800 × 0.70 + 200 × 2.1) ÷ 2000 = 0.84 ಮೀ. ಅಂಕ 0.83ಕ್ಕೆ ಇಳಿಯಿತು, ಮಗುಚುವ ಕೋನ ಸುಮಾರು 40 ಡಿಗ್ರಿ ಆಯಿತು.

ಐದೇ ಡಿಗ್ರಿ ತಾನೇ ಎನ್ನುತ್ತೀರಾ? 30 ಡಿಗ್ರಿ ಅಡ್ಡ ಇಳಿಜಾರಿನಲ್ಲಿ ಸಾಗುವಾಗ ಮೇಲ್ಬದಿಯ ಚಕ್ರಗಳು 20 ಸೆಂ.ಮೀ. ಎತ್ತರದ ಕಲ್ಲೇರಿದರೆ ಇನ್ನೂ 8 ಡಿಗ್ರಿ ಸೇರುತ್ತದೆ. ಒಟ್ಟು 38. ಖಾಲಿ ಚಾವಣಿಯ ಜೀಪಿಗೆ ಇನ್ನೂ 7 ಡಿಗ್ರಿ ಉಳಿದಿದೆ. ಹೊರೆ ಹೊತ್ತದ್ದಕ್ಕೆ ಎರಡೇ ಡಿಗ್ರಿ. ಸ್ಪ್ರಿಂಗು ಮತ್ತು ಟೈರುಗಳು ಒಂದು ಬದಿಗೆ ಕುಸಿದಾಗ ಆ ಎರಡೂ ಉಳಿಯುವುದಿಲ್ಲ. ಅದೇ 200 ಕಿ.ಗ್ರಾಂ ಹೊರೆಯ ಕೇಂದ್ರ 0.70 ಮೀ. ಎತ್ತರದಲ್ಲೇ ಇದ್ದಿದ್ದರೆ ಕೋನ ಬದಲಾಗುತ್ತಲೇ ಇರಲಿಲ್ಲ.

ಇನ್ನು ಚಾವಣಿಯ ಬಲದ ಮಾತು. ನಿಂತ ವಾಹನದಲ್ಲಿ 100 ಕಿ.ಗ್ರಾಂ ಹೊರೆ ತನ್ನ ತೂಕದಷ್ಟೇ ಒತ್ತುತ್ತದೆ. ಗುಂಡಿಯಿಂದ ಮೇಲೆ ಚಿಮ್ಮುವಾಗ ವೇಗೋತ್ಕರ್ಷ ಗುರುತ್ವದ ಎರಡರಷ್ಟಿದ್ದರೆ, ಆ ಕ್ಷಣದಲ್ಲಿ ಅದು 300 ಕಿ.ಗ್ರಾಂ ತೂಕದಷ್ಟು ಒತ್ತುತ್ತದೆ. ಆದ್ದರಿಂದಲೇ ತಯಾರಕರು ಒಂದಕ್ಕಿಂತ ಹೆಚ್ಚು ಮಿತಿಗಳನ್ನು ಕೊಡುವುದುಂಟು. 2019ರಲ್ಲಿ ಅನಾವರಣಗೊಂಡ ಡಿಫೆಂಡರ್ ವಾಹನಕ್ಕೆ ನಿಂತಾಗಿನ ಚಾವಣಿ ಮಿತಿ 300 ಕಿ.ಗ್ರಾಂ, ಚಲಿಸುವಾಗ ಗರಿಷ್ಠ 168 ಕಿ.ಗ್ರಾಂ. ಕಚ್ಚಾ ದಾರಿಗೆ ಇನ್ನೂ ಕಡಿಮೆ ಮಿತಿ ಹೇಳುವ ಕೈಪಿಡಿಗಳಿವೆ. ಕ್ಯಾರಿಯರ್ ತಯಾರಿಸುವ ಆಸ್ಟ್ರೇಲಿಯಾದ ರೈನೋ-ರ‍್ಯಾಕ್ ಸಂಸ್ಥೆ, ರಸ್ತೆಯ ಮಿತಿಯನ್ನು 1.5ರಿಂದ ಭಾಗಿಸಿ ಎನ್ನುತ್ತದೆ. ಅಂದರೆ ರಸ್ತೆಯಲ್ಲಿ 75 ಕಿ.ಗ್ರಾಂ ಆದರೆ ಕಚ್ಚಾ ದಾರಿಯಲ್ಲಿ 50. ಕ್ಯಾರಿಯರ್ ತೂಕವೇ 30 ಕಿ.ಗ್ರಾಂ ಇದ್ದು, ಅದೂ ಮಿತಿಯೊಳಗೆ ಸೇರುವುದಾದರೆ ಸಾಮಾನಿಗೆ ಉಳಿಯುವುದು 20 ಮಾತ್ರ!

ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಒರಟು ಹಲಗೆಯ ಮೇಲೆ ಆಟಿಕೆ ಜೀಪನ್ನು ಅಡ್ಡಲಾಗಿ ನಿಲ್ಲಿಸಿ. ಅದು ಜಾರದಂತೆ ಕೆಳಬದಿಯ ಚಕ್ರಗಳಿಗೆ ತೆಳುವಾದ ಪಟ್ಟಿಯೊಂದನ್ನು ಆನಿಸಿ. ಹಲಗೆಯನ್ನು ಮೆಲ್ಲನೆ ಎತ್ತಿ ಮಗುಚುವ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಬಳಿಕ ಒಂದೇ ಜೇಡಿಮಣ್ಣಿನ ಉಂಡೆಯನ್ನು ಮೊದಲು ಜೀಪಿನ ತಳದಲ್ಲಿ, ಆಮೇಲೆ ಚಾವಣಿಯ ಮೇಲೆ ಅಂಟಿಸಿ ಮತ್ತೆ ಅಳೆಯಿರಿ. ಮೂರು ಕೋನಗಳನ್ನು ಹೋಲಿಸಿದರೆ ಮಿತಿಯ ಅರ್ಥ ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ.

ಮುಂದಿನ ಬಾರಿ ಹೊರೆ ಏರಿಸುವ ಮುನ್ನ ವಾಹನದ ಕೈಪಿಡಿಯನ್ನೂ ಕ್ಯಾರಿಯರ್‌ನ ಮಿತಿಯನ್ನೂ ನೋಡಿ, ಎರಡರಲ್ಲಿ ಕಡಿಮೆಯದನ್ನು ಪಾಲಿಸಿ. ಭಾರದ್ದು ಕೆಳಗೆ, ಹಗುರವಾದದ್ದು ಮೇಲೆ. ಮನುಷ್ಯರು ಮಾತ್ರ ಎಂದಿಗೂ ಒಳಗೇ.