ಸ್ವರ್ಣಾ–ಸೀತಾ ಅಳಿವೆ: ನೀರಿನ ಅಭಾವದ ಅಂದಾಜು

ಉಡುಪಿ ಜಿಲ್ಲೆಯ ಸ್ವರ್ಣಾ, ಸೀತಾ ನದಿಗಳು ಕೋಡಿಬೆಂಗ್ರೆಯಲ್ಲಿ ಒಂದೇ ಬಾಯಿಯಿಂದ ಅರಬ್ಬೀ ಸಮುದ್ರ ಸೇರುತ್ತವೆ. ಇದನ್ನು ನದೀಮುಖಜ ಭೂಮಿ ಎಂದು ವರ್ಗೀಕರಿಸುವುದು ಪೂರ್ತಿ ಸರಿಯಲ್ಲ. ಕುದ್ರುಗಳು, ಅಂದರೆ ನದಿಯ ನಡುವಿನ ದ್ವೀಪಗಳು, ಇವೆ ನಿಜ, ಆದರೆ ಗೋದಾವರಿ, ಕೃಷ್ಣೆಯರು ಹಾಸಿದಂಥ ಮೆಕ್ಕಲು ಬಯಲು ಇಲ್ಲಿಲ್ಲ. ಊರವರು ಹೇಳುವ ಅಳಿವೆ ಎಂಬ ಮಾತೇ ಹೆಚ್ಚು ನಿಖರ.

ಈ ಅಳಿವೆಯ ನದಿಗಳನ್ನು ನಂಬಿದ ಊರುಗಳಲ್ಲಿ ನೀರಿನ ಅಭಾವದ ಲೆಕ್ಕವನ್ನು ಬಹುಕಾಲ ದಾರಿ ತಪ್ಪಿಸಿದ್ದು ವಾರ್ಷಿಕ ಮಳೆಯ ಅಂಕಿ. ಸುಮಾರು 4,000 ಮಿ.ಮೀ. ಸುರಿಯುವ ಜಿಲ್ಲೆಗೆ ಬರವೆಲ್ಲಿಯದು? ಆದರೆ ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಮಣಿಪಾಲದಂಥ ಮುರಕಲ್ಲಿನ ದಿಬ್ಬಗಳಲ್ಲಿ ನೀರು ಕಲ್ಲಿನ ಸಂದುಗಳಲ್ಲಿ ಇಳಿದು, ಅಡಿಯ ಶೇಡಿ ಎಂಬ ಜೇಡಿಮಣ್ಣಿನ ಮೇಲೆ ಜಾರಿ ತಗ್ಗಿಗೆ ಹೋಗುತ್ತದೆ. ಏಪ್ರಿಲ್‌ ಹೊತ್ತಿಗೆ ಬಾವಿಯ ತಳ ಕಾಣುತ್ತದೆ. ಹೊಳೆಯ ಹರಿವು ಸೊರಗಿದಂತೆ ಭರತದ ಉಪ್ಪುನೀರು ಮೇಲಕ್ಕೇರುತ್ತದೆ. ರೈತರಿಗೆ ಇದು ಹೊಸ ವಿಷಯವಲ್ಲ. ಕಲ್ಲು, ಮಣ್ಣು, ಅಡಿಕೆ ಮರಗಳಿಂದ ವರ್ಷವರ್ಷವೂ ‘ಕಟ್ಟ’ ಎಂಬ ತಾತ್ಕಾಲಿಕ ಒಡ್ಡು ಕಟ್ಟುತ್ತಿದ್ದವರು ಅವರೇ. ಹಲಗೆ ಹಾಕಿ ತೆಗೆಯುವ ಕಿಂಡಿ ಅಣೆಕಟ್ಟುಗಳು ಬಂದದ್ದು ಆಮೇಲೆ. ಹಿರಿಯಡಕ ಸಮೀಪದ ಬಜೆಯಲ್ಲಿ ಸ್ವರ್ಣೆಗೆ ಹಾಕಿದ ಒಡ್ಡು ಉಡುಪಿ, ಮಣಿಪಾಲಗಳ ಕುಡಿಯುವ ನೀರಿನ ಆಸರೆಯಾಯಿತು.

ತಿರುವು 2019ರದು. ಹಿಂದಿನ ಆಗಸ್ಟ್‌ನಲ್ಲಿ ಕೊಡಗು, ಕೇರಳಗಳು ನೆರೆಗೆ ಸಿಕ್ಕಿದ್ದವು. ಅಂಥ ಮಳೆಗಾಲ ಕಳೆದು ಒಂಬತ್ತು ತಿಂಗಳಲ್ಲೇ ಬಜೆ ಬತ್ತಿತು. ಮೇ ತಿಂಗಳಲ್ಲಿ ನದೀಪಾತ್ರದ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪಿನಿಂದ ಬಜೆಗೆ ಹಾಯಿಸಿ, ನಗರಕ್ಕೆ ಸರದಿಯಂತೆ ಹಂಚಬೇಕಾಯಿತು. ಆ ವರ್ಷ ಮುಂಗಾರು ಕೇರಳ ಮುಟ್ಟಿದ್ದೇ ಜೂನ್‌ 8ಕ್ಕೆ. ಎಷ್ಟು ಮಳೆ ಬಿತ್ತು ಎಂಬುದಕ್ಕಿಂತ ಕೊನೆಯ ಮಳೆಗೂ ಮುಂದಿನ ಮೊದಲ ಮಳೆಗೂ ನಡುವೆ ಎಷ್ಟು ದಿನ ಎಂಬುದೇ ಮುಖ್ಯ ಅಳತೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕಿಲ್ಲ. 2020ರ ಸೆಪ್ಟೆಂಬರ್‌ 20ರಂದು ಅದೇ ಸ್ವರ್ಣೆ ದಡ ಮೀರಿ ಮನೆಗಳಿಗೆ ನುಗ್ಗಿತು. ಹಿಡಿದಿಡಲು ಜಾಗವಿಲ್ಲದ ಆ ನೀರು ಬೇಸಿಗೆಗೆ ಒದಗಲಿಲ್ಲ.

ಅಮೃತ್‌ ಯೋಜನೆಯಡಿ ಹಾಲಾಡಿ ಕಡೆಯಿಂದ ವಾರಾಹಿ ನೀರನ್ನು ಕೊಳವೆಯಲ್ಲಿ ಉಡುಪಿಗೆ ತರುವ ಕೆಲಸ ಕೈಗೊಂಡದ್ದು ಸ್ವರ್ಣೆಯೊಂದನ್ನೇ ನಂಬುವುದನ್ನು ತಪ್ಪಿಸಲು. ಆದರೆ ವಾರಾಹಿ ನದಿಯ ಬೇಸಿಗೆಯ ಹರಿವು ಮಳೆಯದ್ದಷ್ಟೇ ಅಲ್ಲ. ಮಾಣಿ ಜಲಾಶಯದ ನೀರು ಹೊಸಂಗಡಿಯ ಭೂಗತ ವಿದ್ಯುದಾಗಾರದ ಟರ್ಬೈನು ತಿರುಗಿಸಿದ ಮೇಲೆ ಕೆಳಗಿಳಿಯುತ್ತದೆ. ಹಾಗಾಗಿ ಉಡುಪಿಯ ಮೇ ತಿಂಗಳ ಅಂದಾಜಿನಲ್ಲಿ ಈಗ ವಿದ್ಯುತ್‌ ಉತ್ಪಾದನೆಯ ವೇಳಾಪಟ್ಟಿಯೂ ಸೇರಬೇಕಾಗುತ್ತದೆ.